ತೊಳೆದ ಹರಳು

ನಮ್ಮೂರಲ್ಲಿ ಮನೆಗಳೆಲ್ಲ ಕೆಳಗೆ, ಒಲೆಗಳೆಲ್ಲ ಮೇಲೆ. ಊರು ದೊಡ್ಡದೊಂದು ಬೋಗುಣಿಯ ತಳದಲ್ಲಿದೆ. ಅಂಚಿನ ಮೇಲೆ, ದಿಬ್ಬದ ತಲೆಯಲ್ಲಿ, ಬೀದಿಗೊಂದರಂತೆ ಒಲೆಗಳ ಸಾಲು. ಬೆಳಿಗ್ಗೆ ಎದ್ದು ಹೆಂಗಸರು ಅಕ್ಕಿ ಬೇಳೆ ಹೊತ್ತುಕೊಂಡು ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತುತ್ತೇವೆ, ಅಡುಗೆ ಮುಗಿಸಿ ಬಿಸಿ ಪಾತ್ರೆಗಳನ್ನು ಹೊತ್ತು ಇಳಿಯುತ್ತೇವೆ. ಸಾರು ಮನೆ ಮುಟ್ಟುವ ಹೊತ್ತಿಗೆ ಉಗುರುಬೆಚ್ಚಗಾಗಿರುತ್ತದೆ. ಬಾಯಿ ಸುಡುವ ಸಾರು ಎಂದರೆ ಏನೆಂದು ನಮ್ಮೂರ ಮಕ್ಕಳಿಗೆ ಗೊತ್ತೇ ಇಲ್ಲ.

ಗಾಳಿ ನಮ್ಮೂರಿಗೆ ಇಳಿಯುವುದಿಲ್ಲ. ಮೇಲೆ ಸೆರಗು ಹಾರಿಸುವಷ್ಟು ಬೀಸುತ್ತದೆ, ಕೆಳಗೆ ಒಂದು ಬೇವಿನೆಲೆಯೂ ಅಲ್ಲಾಡುವುದಿಲ್ಲ. ಹಾಗಾಗಿ ಕೆಳಗೆ ಒಲೆ ಹಚ್ಚುವಂತಿಲ್ಲ, ಬಿಟ್ಟ ಉಸಿರೂ ಬಿಟ್ಟಲ್ಲೇ ನಿಲ್ಲುತ್ತದೆ. ಶಾಲೆಯ ಮೇಷ್ಟರು ಅದನ್ನು ಇಂಗಾಲಾಮ್ಲ ಅನ್ನುತ್ತಾರೆ, ನಾವು ಹಳೆಯುಸಿರು ಅನ್ನುತ್ತೇವೆ. ನಮಗೆ ಬೇಕಾದ ಆಮ್ಲಜನಕ ಹೆಂಚಿನ ಸಂದಿಯಿಂದ ಹೇಗೋ ತಾನಾಗಿ ಇಳಿದು ಬರುತ್ತದೆ. ಹಳೆಯುಸಿರು ಮಾತ್ರ ಭಾರ. ಊಟ ಮುಗಿದರೂ ಹೊರಡದ ನೆಂಟರ ಹಾಗೆ ಮೂಲೆ ಹಿಡಿದು ಕೂತಿರುತ್ತದೆ. ಅದನ್ನು ಬೇರೆ ಮಾಡಿ ಹಿಡಿದಿಡುವುದಕ್ಕೆ ಹರಳು ಬೇಕು.

ಈ ಹರಳು ಸಾಬಕ್ಕಿಯಷ್ಟು ದಪ್ಪ, ಬೂದಿ ಬಣ್ಣ. ಕೈಯಲ್ಲಿ ಹಿಡಿದರೆ ಏನೂ ಅನ್ನಿಸುವುದಿಲ್ಲ. ಮೈತುಂಬ ಕಣ್ಣಿಗೆ ಕಾಣದ ತೂತುಗಳಿವೆಯಂತೆ. ಗಾಳಿ ಹಾದುಹೋದರೆ ಅದರೊಳಗಿನ ಹಳೆಯುಸಿರನ್ನು ಮಾತ್ರ ತೂತಿನೊಳಕ್ಕೆ ಎಳೆದುಕೊಂಡು, ಮಿಕ್ಕಿದ್ದನ್ನು ಆಚೆ ಬಿಡುತ್ತದೆ. ಹರಳು ತುಂಬಿದ ಉದ್ದನೆಯ ಚೀಲವನ್ನು ಮನೆಯ ತೊಲೆಗೆ ಕಟ್ಟಿ, ಅದರ ಬಾಯಿಗೊಂದು ತೊಗಲಿನ ತಿದಿ ಜೋಡಿಸಿ, ತಿದಿಯ ಹಗ್ಗವನ್ನು ಉಯ್ಯಾಲೆಗೆ ಬಿಗಿದಿರುತ್ತೇವೆ. ಮನೆಯಲ್ಲಿ ಯಾರಾದರೂ ತೂಗುತ್ತಿದ್ದರೆ ಸಾಕು, ತಿದಿ ತನ್ನಷ್ಟಕ್ಕೆ ಗಾಳಿಯನ್ನು ಹರಳಿನ ಮೂಲಕ ದೂಡುತ್ತಿರುತ್ತದೆ. ನಮ್ಮೂರಲ್ಲಿ ಹುರುಳಿಕಾಯಿ ಬಿಡಿಸುವುದು, ಹರಟೆ ಹೊಡೆಯುವುದು, ಜಗಳ ಆಡುವುದು ಎಲ್ಲವೂ ತೂಗುತ್ತಲೇ. ಕೂಸಿರುವ ಮನೆಯಲ್ಲಿ ಹಗ್ಗವನ್ನು ತೊಟ್ಟಿಲಿಗೆ ಕಟ್ಟುತ್ತಾರೆ. ತಾಯಿ ತೂಗಿದಷ್ಟೂ ಕೂಸಿಗೆ ಒಳ್ಳೆಯ ಉಸಿರು.

ಹರಳು ಎಷ್ಟು ಹಿಡಿದೀತು? ಎಂಟು ದಿನಕ್ಕೆ ತುಂಬುತ್ತದೆ. ಅದನ್ನು ತಿಳಿಯುವುದಕ್ಕೆ ಹೊಸ್ತಿಲ ಹತ್ತಿರ ಬಟ್ಟಲಲ್ಲಿ ಸುಣ್ಣದ ತಿಳಿನೀರು ಇಟ್ಟಿರುತ್ತೇವೆ. ಮನೆಯಲ್ಲಿ ಹಳೆಯುಸಿರು ಹೆಚ್ಚಿದರೆ ನೀರಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಆಗ ಹರಳನ್ನು ದಿಬ್ಬದ ಮೇಲಿನ ಹುರಿಮನೆಗೆ ಒಯ್ದು, ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಹುರಿಯಬೇಕು. ಬಿಸಿ ತಾಗಿದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಬಿಟ್ಟದ್ದು ದಿಬ್ಬದ ಆಚೆಯ ಇಳಿಜಾರಿಗೆ ನೀರಿನ ಹಾಗೆ ಹರಿದುಹೋಗುತ್ತದೆ. ಆ ಇಳಿಜಾರಿನಲ್ಲಿ ಬೆಳೆಯುವ ಕುಂಬಳಕಾಯಿ ಒಂದೊಂದನ್ನು ಇಳಿಸಲು ಇಬ್ಬರು ಬೇಕು. ನಾವು ಬಿಟ್ಟ ಉಸಿರನ್ನು ಉಂಡು ಬೆಳೆದ ಕಾಯಿಯನ್ನು ನಾವೇ ಹುಳಿ ಮಾಡಿ ಉಣ್ಣುತ್ತೇವೆ.

ಒಂದು ಕಟ್ಟಳೆ ಇದೆ. ತಮ್ಮ ಮನೆಯ ಹರಳನ್ನು ತಾವೇ ಹುರಿಯಬಾರದು. ಎದುರು ಮನೆಯವರದನ್ನು ನಾವು, ನಮ್ಮದನ್ನು ಅವರು. ಮನೆಗೆ ಎರಡೆರಡು ಚೀಲ. ಒಂದು ತೊಲೆಯಲ್ಲಿ ತೂಗುತ್ತಿದ್ದರೆ ಇನ್ನೊಂದು ಎದುರು ಮನೆಯಲ್ಲಿ ಹುರಿಯಲು ಕಾಯುತ್ತಿರುತ್ತದೆ.

ನಮ್ಮ ಎದುರು ಮನೆ ಹೊನ್ನಾಜಮ್ಮನದು. ನಾನು ಮದುವೆಯಾಗಿ ಬಂದದ್ದು ಬಯಲು ಸೀಮೆಯಿಂದ. ಅಲ್ಲಿ ಗಾಳಿಗೆ ಬಾಗಿಲು ಹಾಕಿಕೊಂಡು ಕೂರುವುದೇ ಒಂದು ಕೆಲಸವಾಗಿತ್ತು. ಇಲ್ಲಿ ಬಂದ ಮೊದಲ ತಿಂಗಳು ನಾನು ಬಾಣಲೆಯಲ್ಲಿ ಸೌಟು ಆಡಿಸಿದ್ದನ್ನು ನೋಡಿ ಬೀದಿಯ ಹೆಂಗಸರೆಲ್ಲ ನಕ್ಕರು. ಹೊನ್ನಾಜಮ್ಮ ನಗಲಿಲ್ಲ. ನನ್ನ ಹಿಂದೆ ನಿಂತು, ನನ್ನ ಮುಂಗೈ ಹಿಡಿದು, "ಹಿಂಗಲ್ಲ ಕಣೇ ಜಲಜ, ತಳದಿಂದ ಎತ್ತಿ ಮಗುಚು. ಮೇಲ್ಮೇಲೆ ಕೆರೆದ್ರೆ ಏನು ಬಂತು?" ಎಂದು ಮೂರು ದಿನ ಕಲಿಸಿದರು. ಅರವತ್ತು ದಾಟಿದ ಆ ಕೈಗೆ ಎಷ್ಟು ಬಲವಿತ್ತೆಂದರೆ ನನ್ನ ಬಳೆಯೊಂದು ಒಡೆದೇ ಹೋಯಿತು. ಅವರನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಅವರ ಗಂಡ ಮಾದಯ್ಯನವರನ್ನು ದೊಡ್ಡಪ್ಪ ಎಂದು.

ಆಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತಿತು. ಅದಕ್ಕೂ ಈ ಹರಳೇ ಕಾರಣ.

ಹುರಿಯುವ ಕೈಗೆ ಎದುರು ಮನೆಯ ತೂಕ ಗೊತ್ತಾಗಿಬಿಡುತ್ತದೆ. ಮನೆಗೆ ನೆಂಟರು ಬಂದಿದ್ದರೆ ಚೀಲ ಭಾರ, ಯಜಮಾನ ಊರಲ್ಲಿಲ್ಲದಿದ್ದರೆ ಹಗುರ. ನನಗೆ ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರನೆಯ ತಿಂಗಳಲ್ಲಿ ಕಳೆದುಹೋಗಿತ್ತು. ಮೂರನೆಯ ಸಲ ನಾನು ಯಾರಿಗೂ ಹೇಳಲಿಲ್ಲ. ನನ್ನ ಗಂಡ ಸಿದ್ಲಿಂಗುವಿಗೂ ಹೇಳಿರಲಿಲ್ಲ. ಬಾಯಿ ಬಿಟ್ಟರೆ ಈ ಸಲವೂ ಹೊರಟುಹೋದೀತು ಎಂದು ಹೆದರಿ, ಅಕ್ಕಿಯಲ್ಲಿ ಹುದುಗಿಸಿಟ್ಟ ಮಾವಿನಕಾಯಿಯಂತೆ ಆ ಸುದ್ದಿಯನ್ನು ಬಚ್ಚಿಟ್ಟುಕೊಂಡಿದ್ದೆ. ಒಂದು ದಿನ ಹುರಿಮನೆಯಲ್ಲಿ ಹೊನ್ನಾಜಮ್ಮ ನನ್ನ ಚೀಲವನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿದರು. ಮುಖ ಅರಳಿತು.

"ಅಯ್ಯೋ ನಮ್ಮವ್ವ! ಇದೇನೇ ಇಷ್ಟು ಭಾರ! ಇಬ್ಬರ ಉಸಿರಲ್ಲ ಕಣ್ರೇ ಇದು. ಇದ್ರಲ್ಲಿ ಇನ್ನೊಂದು ಸೇರ್ಕೊಂಡಿದೆ!"

ಹದಿನಾಲ್ಕು ಹೆಂಗಸರು ಸೌಟು ನಿಲ್ಲಿಸಿ ನನ್ನ ಹೊಟ್ಟೆ ನೋಡಿದರು. ಯಾರೋ ಕೂಗು ಹಾಕಿದರು, ಯಾರೋ ಸೀಮಂತದ ಸೀರೆಯ ಬಣ್ಣ ಕೇಳಿದರು. ನಾನು ಬಾಣಲೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ. ಸಂಜೆ ಹೊನ್ನಾಜಮ್ಮ ಬಾಗಿಲಿಗೆ ಬಂದು, "ಸಂತೋಷಕ್ಕೆ ಬಾಯಿಗೆ ಬಂದ್ಬಿಡ್ತು ಕಣೇ" ಎಂದರು. ನಾನು "ನಿಮ್ಮ ಸಂತೋಷ ನಿಮ್ಮ ಮನೇಲಿ ಇಟ್ಕೊಳಿ" ಎಂದು ಕದ ಹಾಕಿಕೊಂಡೆ.

ಪಾರಿ ಹುಟ್ಟಿದಳು. ಒಂಬತ್ತು ತಿಂಗಳು ತುಂಬಿ, ಗಟ್ಟಿ ಗಂಟಲಿನೊಂದಿಗೆ ಹುಟ್ಟಿದಳು. ನಾನು ಹೆದರಿದ್ದು ಏನೂ ಆಗಲಿಲ್ಲ. ಆದರೂ ಕದ ಹಾಕಿದವಳಿಗೆ ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಒಂದೂಕಾಲು ವರ್ಷ ನಾವು ಮಾತಾಡಲಿಲ್ಲ. ಕಟ್ಟಳೆ ಮಾತ್ರ ನಡೆಯುತ್ತಿತ್ತು. ಎಂಟನೆಯ ದಿನ ನನ್ನ ತುಂಬಿದ ಚೀಲವನ್ನು ಅವರ ಗೇಟಿನ ಕೊಕ್ಕೆಗೆ ನೇತುಹಾಕುತ್ತಿದ್ದೆ, ಅವರು ಹುರಿದದ್ದು ನನ್ನ ಕೊಕ್ಕೆಯಲ್ಲಿರುತ್ತಿತ್ತು. ಪಾರಿ ಹುಟ್ಟಿದ ಮೇಲೆ ನನ್ನ ಚೀಲ ಎರಡು ಮುಷ್ಟಿ ಹೆಚ್ಚಿಗೆ ತುಂಬಿ ಬರುತ್ತಿತ್ತು, ಹೊಟ್ಟು ಜರಡಿ ಹಿಡಿದು ತೆಗೆದಿರುತ್ತಿತ್ತು. ನೋಡಿದರೂ ನೋಡದವಳ ಹಾಗೆ ಇದ್ದೆ.

ಪಾರಿಗೆ ಎಂಟು ತಿಂಗಳಾದಾಗ ಕೆಮ್ಮು ಹಿಡಿಯಿತು. ಮಂಜು ಇಳಿಯುವ ದಿನಗಳು ಹತ್ತಿರ ಬಂದಿದ್ದವು. ನಮ್ಮೂರಿಗೆ ವರ್ಷಕ್ಕೊಮ್ಮೆ ಮಂಜು ಇಳಿದು ನಾಲ್ಕೈದು ದಿನ ಬೋಗುಣಿಯನ್ನು ತುಂಬಿ ಕೂರುತ್ತದೆ. ಆಗ ಮೆಟ್ಟಿಲ ಮೇಲೆ ಪಾಚಿ ಜಾರುತ್ತದೆ, ಹತ್ತು ಮೊಳದ ಆಚೆ ಕಾಣುವುದಿಲ್ಲ. ಯಾರೂ ಮೇಲೆ ಹೋಗುವುದಿಲ್ಲ. ಅವಲಕ್ಕಿ, ಹುರಿಹಿಟ್ಟು, ಮಜ್ಜಿಗೆಯಲ್ಲೇ ದಿನ ಕಳೆಯುತ್ತೇವೆ. ಬೀದಿಯ ಗಾಳಿಯೂ ಮನೆಯ ಗಾಳಿಯಷ್ಟೇ ಭಾರವಾಗುತ್ತದೆ. ಆ ದಿನಗಳನ್ನು ದಾಟಿಸುವುದು ಮುಂಚಿತವಾಗಿ ಹುರಿದಿಟ್ಟ ಒಂದು ಚೀಲ ಹರಳು. ಸಿದ್ಲಿಂಗು ತಿದಿಗೆ ಬೇಕಾದ ತೊಗಲು ತರಲು ಹೊರಗಿನ ಊರಿಗೆ ಹೋಗಿದ್ದ. ಮಂಜು ಹರಿಯುವವರೆಗೆ ಅವನಿಗೂ ಇಳಿಯಲಾಗದು.

ಮಂಜಿಗೆ ಒಂದು ದಿನ ಮುಂಚೆ ಬಂದ ಚೀಲವನ್ನು ಬಿಚ್ಚಿ ನೋಡಿದೆ. ಹರಳಿನ ಮೇಲೆ ಸಣ್ಣಗೆ ಬೂದಿ ಇದ್ದಂತಿತ್ತು, ಹೊಗೆಯ ವಾಸನೆ. ಪಾರಿ ಕೆಮ್ಮಿದಳು. ಈ ಬೂದಿಯಿಂದಲೇ ಕೂಸಿಗೆ ಕೆಮ್ಮು ಎಂದು ನನ್ನ ಮನಸ್ಸಿಗೆ ಹೊಕ್ಕಿತು. ಹೊನ್ನಾಜಮ್ಮ ಮನಸ್ಸಿಟ್ಟು ಹುರಿದಿಲ್ಲ ಎಂದುಕೊಂಡೆ. ಮಾತಿದ್ದಿದ್ದರೆ ಕಿಟಕಿಯಿಂದ ಒಂದು ಕೂಗು ಹಾಕಿ ಕೇಳುತ್ತಿದ್ದೆ. ಮಾತಿರಲಿಲ್ಲ. ಆದ್ದರಿಂದ ನಾನು ನನಗೆ ತಿಳಿದ ಕೆಲಸ ಮಾಡಿದೆ. ಹರಳನ್ನು ಮೊರಕ್ಕೆ ಸುರಿದು, ಬೋಸಿಯಲ್ಲಿ ಹಾಕಿ, ಅಕ್ಕಿ ತೊಳೆದ ಹಾಗೆ ತೊಳೆದೆ.

ಮೊದಲ ನೀರು ಹೊಯ್ದಾಗ ಹರಳು ಸುಯ್ ಎಂದಿತು. ಗುಳ್ಳೆ ಗುಳ್ಳೆ ಬಂತು. ಬೋಸಿ ಬಿಸಿಯಾಯಿತು, ಸುಣ್ಣದ ಕಲ್ಲಿಗೆ ನೀರು ಹಾಕಿದ ಹಾಗೆ. ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟೆ. ಏಳು ನೀರು ತೊಳೆದೆ. ಹಳೇ ಪಂಚೆಯ ಮೇಲೆ ಹರವಿ, ಅಂಗಳದ ಬಿಸಿಲಲ್ಲಿ ಸಂಜೆಯತನಕ ಒಣಗಿಸಿದೆ. ಮುಟ್ಟಿದರೆ ಗರಿಗರಿ ಒಣಗಿತ್ತು. ನೋಡುವುದಕ್ಕೂ ಚಂದ, ಬೆಳ್ಳಗೆ ಮಿಂಚುತ್ತಿತ್ತು. ಚೀಲಕ್ಕೆ ತುಂಬಿ ತೊಲೆಗೆ ಕಟ್ಟಿದೆ. ಅಂದು ಅಷ್ಟು ತೃಪ್ತಿಯಿಂದ ತೊಟ್ಟಿಲು ತೂಗಿದ ನೆನಪಿಗೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಬೆಳಗಾಗುವಾಗ ಮಂಜು ಇಳಿದಿತ್ತು. ಪಾರಿ ಎದ್ದು ಹಾಲು ಕುಡಿದು ಮತ್ತೆ ಮಲಗಿದಳು. ಕೆಮ್ಮು ಕಡಿಮೆಯಾದಂತಿತ್ತು, ನನಗೆ ಸಮಾಧಾನವಾಯಿತು. ಮಧ್ಯಾಹ್ನವಾದರೂ ಏಳಲಿಲ್ಲ. ಬಟ್ಟಲ ತಿಳಿನೀರಿನ ಮೇಲೆ ಪೊರೆ ಕಟ್ಟಿತ್ತು. ಸುಣ್ಣ ಹಳೆಯದಾಗಿರಬೇಕು ಎಂದುಕೊಂಡು ನೀರು ಚೆಲ್ಲಿ ಹೊಸದು ಇಟ್ಟೆ. ಅವಲಕ್ಕಿ ನೆನೆಸಿ ಬರುವಷ್ಟರಲ್ಲಿ ಅದರ ಮೇಲೂ ಪೊರೆ. ನನ್ನ ತಲೆ ಗಿಮ್ ಎನ್ನುತ್ತಿತ್ತು. ಪಾರಿಯ ಕೆನ್ನೆ ಕೆಂಪಗೆ, ಬೆವರಿತ್ತು. ಎತ್ತಿಕೊಂಡರೆ ಕೈಕಾಲು ಜೋಲುಬಿದ್ದವು. ಕೆಮ್ಮು ಕಡಿಮೆಯಾಗಿರಲಿಲ್ಲ, ಕೆಮ್ಮುವುದಕ್ಕೆ ಅವಳಲ್ಲಿ ಶಕ್ತಿ ಇರಲಿಲ್ಲ. ನಾನು ಅವಳನ್ನು ತೊಟ್ಟಿಲಿಗೆ ಹಾಕಿ ಹುಚ್ಚಿಯಂತೆ ತೂಗತೊಡಗಿದೆ. ತೂಗಿದರೆ ಸರಿಹೋಗುತ್ತದೆ ಎನ್ನುವುದೊಂದೇ ನನಗೆ ಗೊತ್ತಿದ್ದದ್ದು.

ಆಗ ಬಾಗಿಲು ಬಡಿದರು. ಬಡಿದರು ಅನ್ನುವುದಕ್ಕಿಂತ ಗುದ್ದಿದರು.

"ಜಲಜ! ಬಾಗ್ಲು ತೆಗಿಯೇ! ನಿನ್ನ ತೊಟ್ಟಿಲ ಸದ್ದು ಸರಿ ಇಲ್ಲ!"

ತೆಗೆದೆ. ಹೊನ್ನಾಜಮ್ಮ ನನ್ನನ್ನು ನೋಡಲೂ ಇಲ್ಲ. ನೇರ ಚೀಲದ ಹತ್ತಿರ ಹೋಗಿ ಕಿವಿಯಿಟ್ಟರು.

"ಒಣ ಹರಳಲ್ಲಿ ಗಾಳಿ ಹಾದ್ರೆ ರಾಗಿ ಸುರಿದಂಗೆ ಕೇಳ್ಬೇಕು. ಇದು ಮುದ್ದೆ ನುಂಗ್ದಂಗೆ ಕೇಳ್ತಿದೆ. ಬೆಳಿಗ್ಗೆಯಿಂದ ಜಗಲೀಲಿ ಕೂತು ಕೇಳ್ತಾ ಇದ್ದೀನಿ, ಬರ್ಲೋ ಬೇಡ್ವೋ ಅಂತ. ನಿನ್ನೆ ನಾನೇ ಹುರಿದು ಕೊಟ್ನಲ್ಲ, ಏನ್ ಮಾಡ್ದೆ ಇದಕ್ಕೆ?"

"ತೊಳೆದೆ ದೊಡ್ಡಮ್ಮ."

"ಏನು?"

"ಬೂದಿ ಇತ್ತು. ಕೂಸಿಗೆ ಕೆಮ್ಮು ಬರುತ್ತೆ ಅಂತ... ಏಳು ನೀರು ತೊಳೆದೆ."

ಈ ಊರಲ್ಲಿ ಹುಟ್ಟಿದ ಯಾರೂ ಹರಳಿಗೆ ನೀರು ಮುಟ್ಟಿಸುವುದಿಲ್ಲ. ಮುಟ್ಟಿಸಬೇಡ ಎಂದು ಹೇಳಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ, ಬೆಂಕಿಗೆ ಕೈ ಹಾಕಬೇಡ ಎಂದು ದೊಡ್ಡವರಿಗೆ ಯಾರೂ ಹೇಳದ ಹಾಗೆ.

"ಅಕ್ಕಿ ಅಂದ್ಕೊಂಡ್ಯೇನೇ? ಬಸಿದು ಗಂಜಿ ಕುಡೀಲಿಲ್ವಾ? ಹರಳಿಗೆ ಉಸಿರಿಗಿಂತ ನೀರು ಇಷ್ಟ ಕಣೇ ಪೆದ್ದಿ! ನೀರು ಕುಡಿದು ಹೊಟ್ಟೆ ತುಂಬಿಸ್ಕೊಂಡು ಕೂತಿದೆ. ಇನ್ನು ಉಸಿರಿಗೆ ಜಾಗ ಎಲ್ಲಿ?" ಎಂದವರು ತೊಟ್ಟಿಲಿಗೆ ಬಗ್ಗಿ ಪಾರಿಯನ್ನು ಮುಟ್ಟಿದರು. ಅವರು ಅವಳನ್ನು ಮುಟ್ಟಿದ್ದು ಅದೇ ಮೊದಲು. ಬೈಗುಳ ಅಲ್ಲಿಗೇ ನಿಂತಿತು. "ತೂಗು," ಎಂದಷ್ಟೇ ಹೇಳಿ ಓಡಿದರು.

ಬಂದಾಗ ಅವರ ತೋಳಲ್ಲಿ ಅವರದೇ ಮನೆಯ ಚೀಲವಿತ್ತು, ತೊಲೆಯಿಂದ ಬಿಚ್ಚಿ ತಂದದ್ದು. ಹಿಂದೆ ಮಾದಯ್ಯ ದೊಡ್ಡಪ್ಪ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತಾ ಬಂದರು. ಅವರ ಎದೆ ಹಳೆಯ ಎದೆ, ಚಳಿಗಾಲದಲ್ಲಿ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು.

"ಬೇಡ ದೊಡ್ಡಮ್ಮ, ನಿಮಗೆ? ದೊಡ್ಡಪ್ಪನಿಗೆ?"

"ಅವರೂ ಇಲ್ಲೇ ಕೂರ್ತಾರೆ. ಕಟ್ಟು ಬೇಗ. ನೀನೇ ಹುರಿದಿದ್ದು ಇದು. ಚೆನ್ನಾಗೇ ಹುರಿದಿದ್ದೀಯ, ಸುಳ್ಳು ಯಾಕೆ ಹೇಳ್ಲಿ."

ಮಂಜಿನ ದಿನಗಳಲ್ಲಿ ಯಾರೂ ಯಾರಿಗೂ ಹರಳು ಕೊಡುವುದಿಲ್ಲ. ಕೇಳುವುದೂ ಇಲ್ಲ. ಪ್ರತಿ ಮನೆಯಲ್ಲೂ ಆ ಮನೆಗೆ ಸಾಲುವಷ್ಟೇ ಇರುತ್ತದೆ. ನಾನು ಚೀಲ ಬದಲಿಸಿ ತೊಟ್ಟಿಲಿನ ಹಗ್ಗ ಬಿಗಿದೆ. ತೂಗಿದರೆ ರಾಗಿ ಸುರಿದ ಸದ್ದು ಬಂತು.

"ಇದು ಇಬ್ಬರ ಅಳತೆದು," ಎಂದರು ಹೊನ್ನಾಜಮ್ಮ. "ಈಗ ಇಲ್ಲಿ ನಾಲ್ಕು ಜನ, ಮನೆ ತುಂಬ ಆಗ್ಲೇ ಕಟ್ಟಿರೋ ಹಳೆಯುಸಿರು, ಮೇಲೆ ಬೀದಿದೂ ಒಳಗೆ ಬರ್ತಿದೆ. ನಾಳೆ ಬೆಳಕು ಹರಿಯೋವರೆಗೂ ಬರಲ್ಲ. ನೀನು ನಿನ್ನೆ ಕೊಟ್ಟ ತುಂಬಿದ ಚೀಲ ನನ್ನ ಹತ್ರ ಇದೆ. ಅದರಲ್ಲಿ ಇರೋದು ಉಸಿರು, ನೀರಲ್ಲ. ಒಂದು ಗಂಟೆ ಹುರಿದ್ರೆ ಸಾಕು. ನಾನು ಮೇಲಕ್ಕೆ ಹೋಗ್ತೀನಿ."

"ಈ ಮಂಜಲ್ಲಾ? ಕೂಸನ್ನೇ ಎತ್ಕೊಂಡು ನಾನೇ ಮೇಲೆ ಹೋಗಿಬಿಡ್ತೀನಿ, ಅಲ್ಲಿ ಗಾಳಿ ಇದೆ."

"ಕೆಮ್ಮೋ ಕೂಸನ್ನ ಆ ಥಂಡೀಲಿ, ಪಾಚಿ ಮೆಟ್ಟಿಲ ಮೇಲೆ! ನೀನು ಬಿದ್ರೆ ಇಬ್ರೂ ಹೋಗ್ತೀರ. ನನ್ನ ಕಾಲಿಗೆ ಆ ಮೆಟ್ಟಿಲು ನಲವತ್ತೈದು ವರ್ಷದಿಂದ ಗೊತ್ತು, ಕಣ್ಣು ಬೇಕಾಗಿಲ್ಲ. ಸುಮ್ನೆ ತೂಗು."

"ಹುರಿದ ಮೇಲೆ ಮಂಜು ಕುಡಿದುಬಿಡುತ್ತಲ್ಲೇ," ಎಂದರು ದೊಡ್ಡಪ್ಪ.

"ಬಿಸಿ ಇದ್ದಂಗೇ ಮಡಕೇಲಿ ತುಂಬಿ, ಬಾಯಿಗೆ ಹಿಟ್ಟು ಮೆತ್ಕೊಂಡು ತರ್ತೀನಿ. ನಿಮ್ಮಮ್ಮ ಕಲ್ಸಿದ್ದು, ನೀವು ನಂಗೆ ಹೇಳ್ಕೊಡ್ತೀರಾ?" ಎಂದು, ನನ್ನ ಹಿಟ್ಟಿನ ಡಬ್ಬಿಯಿಂದಲೇ ಒಂದು ಮುದ್ದೆಯಷ್ಟು ರಾಗಿಹಿಟ್ಟು ಕಲಸಿಕೊಂಡು, ಮಡಕೆ ಕಂಕುಳಲ್ಲಿ ಇರುಕಿ, ಚೀಲ ತಲೆಯ ಮೇಲೆ ಹೊತ್ತು ಹೊರಟುಹೋದರು. ಹತ್ತು ಹೆಜ್ಜೆಗೆ ಮಂಜು ಅವರನ್ನು ಮುಚ್ಚಿತು.

ನಾವು ತೂಗುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಎದ್ದು, ಕಂಬಳಿ ಹೊದ್ದು ಹೊರಗಿನ ಜಗಲಿಗೆ ಹೋದರು.

"ಎಲ್ಲಿಗೆ ದೊಡ್ಡಪ್ಪ? ಒಳಗೆ ಬನ್ನಿ."

"ನನ್ನ ಎದೆ ತಿದಿ ಇದ್ದಂಗೆ ಕಣವ್ವ, ಮೂರು ಜನದಷ್ಟು ಎಳೀತದೆ. ಕೂಸಿನ ಪಾಲು ನಾನು ಯಾಕೆ ತಿನ್ಲಿ? ಇಲ್ಲೇ ಚೆನ್ನಾಗೈತೆ."

ಚೆನ್ನಾಗಿರಲಿಲ್ಲ. ಅವರ ಗೊರಗೊರ ಸದ್ದು ಹೊಸ್ತಿಲ ಒಳಗೂ ಕೇಳುತ್ತಿತ್ತು. ನಾನು ಹೋಗಿ ಅವರ ಕೈ ಹಿಡಿದು ಎಬ್ಬಿಸಿದೆ. ಅವರು ಕೂತಲ್ಲೇ ಕೂತರು. ಕೊನೆಗೆ ಒಂದು ಒಪ್ಪಂದವಾಯಿತು. ನೂರು ತೂಗು ಅವರು ಒಳಗೆ, ನಾನು ಹೊರಗೆ. ನೂರು ತೂಗು ನಾನು ಒಳಗೆ, ಅವರು ಹೊರಗೆ. ಅವರು ಎಣಿಸುವಾಗ ಎಂಬತ್ತಕ್ಕೇ ನೂರು ಎಂದುಬಿಡುತ್ತಿದ್ದರು. ಬೇಗ ಹೊರಗೆ ಹೋಗುವುದಕ್ಕೆ ಆ ಮೋಸ. ನಾನು ಎಣಿಸುವಾಗಲೂ ಅದೇ ಮೋಸ ಮಾಡಿದೆ. ಹೀಗೆ ಒಬ್ಬರಿಗೊಬ್ಬರು ಮೋಸ ಮಾಡುತ್ತಾ, ಪಾರಿಯ ಹಣೆ ಮುಟ್ಟಿ ನೋಡುತ್ತಾ, ನಾವು ಆ ಮಧ್ಯಾಹ್ನ ಕಳೆದೆವು. ನನ್ನ ಮೂರನೆಯ ಸರದಿಯಲ್ಲಿ ಪಾರಿ ತುಟಿ ಚಪ್ಪರಿಸಿದಳು. ಐದನೆಯದರಲ್ಲಿ ಕೈ ಬಾಯಿಗಿಟ್ಟುಕೊಂಡಳು. ಕಣ್ಣು ಮಾತ್ರ ಬಿಡಲಿಲ್ಲ.

ಹೊನ್ನಾಜಮ್ಮ ಬರಲಿಲ್ಲ. ಹತ್ತಲು ಅರ್ಧ ಗಂಟೆ, ಹುರಿಯಲು ಒಂದು ಗಂಟೆ, ಇಳಿಯಲು ನಿಧಾನವಾದರೂ ಮತ್ತೊಂದು ಗಂಟೆ ಎಂದು ಲೆಕ್ಕ ಹಾಕಿದ್ದೆವು. ಅದೆಲ್ಲ ಮೀರಿತ್ತು. ದೊಡ್ಡಪ್ಪ ಎಣಿಸುವುದನ್ನು ಬಿಟ್ಟು ಮಂಜನ್ನೇ ನೋಡುತ್ತಿದ್ದರು. "ದಾರಿ ತಪ್ಪೋಳಲ್ಲ ಅವಳು," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ದಾರಿ ತಪ್ಪೋಳಲ್ಲ," ಎಂದರು. ತಿಳಿನೀರಿನ ಅಂಚಿನಲ್ಲಿ ತೆಳ್ಳಗೆ ಒಂದು ಬಿಳಿಯ ಗೆರೆ ಮೂಡಿತ್ತು.

ಬೀದಿಗೆ ಇಳಿದು ಕೂಗಿದೆ. ಗಾಳಿಯಿಲ್ಲದ ಊರಲ್ಲಿ, ಮಂಜಿನಲ್ಲಿ, ಕೂಗು ಬಾಯಿಂದ ಹೊರಟಲ್ಲೇ ಬೀಳುತ್ತದೆ. ಒಬ್ಬಳ ಗಂಟಲು ಮೆಟ್ಟಿಲ ಮೇಲಿನವರಿಗೆ ಕೇಳಿಸುವುದಿಲ್ಲ. ಬೀದಿಯವರೆಲ್ಲ ಬೇಕು. ಅವರು ಬಂದರೆ ಕೇಳುತ್ತಾರೆ, ಹೇಳಬೇಕಾಗುತ್ತದೆ. ಬಯಲು ಸೀಮೆಯ ಸೊಸೆ ಹರಳು ತೊಳೆದಳಂತೆ ಎಂದು ಇನ್ನು ಹತ್ತು ವರ್ಷ ಹುರಿಮನೆಯಲ್ಲಿ ನಗುತ್ತಾರೆ. ಇದನ್ನೆಲ್ಲ ಯೋಚಿಸಿದೆನೋ ಇಲ್ಲವೋ, ಒಳಗೆ ಹೋಗಿ ಹಿತ್ತಾಳೆಯ ಹರಿವಾಣ ತಂದು ಸೌಟಿನಿಂದ ಬಡಿಯುತ್ತಾ ಬಾಗಿಲು ಬಾಗಿಲಿಗೂ ಹೋದೆ.

"ನಾನು ಹರಳು ತೊಳೆದುಬಿಟ್ಟೆ! ದೊಡ್ಡಮ್ಮ ನನ್ನ ಕೂಸಿಗೋಸ್ಕರ ಮೇಲಕ್ಕೆ ಹೋಗಿದ್ದಾರೆ! ಇನ್ನೂ ಬಂದಿಲ್ಲ, ಬನ್ನಿ!"

ಕದಗಳು ತೆರೆದವು. "ಏನ್ ತೊಳೆದ್ಲಂತೆ?" "ಹರಳಂತೆ!" "ಹರಳಾ? ಸೋಪು ಹಾಕಿದ್ಲಾ ಕೇಳು!" ನಗು ಕೇಳಿತು. ನಗುತ್ತಲೇ ಒಬ್ಬಳು ತಟ್ಟೆ ತಂದಳು, ಇನ್ನೊಬ್ಬಳು ಕೊಡದ ಬೆನ್ನಿಗೆ ಬಡಿದಳು, ಮತ್ತೊಬ್ಬಳು ಏನೂ ಕೇಳದೆ ಬಂದು ನನ್ನ ತೊಟ್ಟಿಲ ಹಗ್ಗ ಹಿಡಿದಳು, ದೊಡ್ಡಪ್ಪ ಜಗಲಿಯಲ್ಲೇ ಕೂರುವಂತಾಯಿತು. ಮೆಟ್ಟಿಲ ಬುಡದಲ್ಲಿ ನಾವು ಹದಿನಾಲ್ಕು ಹೆಂಗಸರೂ ನಿಂತು ಬಡಿದೆವು. ಕೈ ಸೋತರೆ ಕೈ ಬದಲಿಸಿ ಬಡಿದೆವು. ಮೇಲೆ ಬರೀ ಬಿಳಿ. ನನಗೆ ಅಳು ಬರಲಿಲ್ಲ. ಒಂದೇ ಯೋಚನೆ ತಲೆಯಲ್ಲಿತ್ತು. ಒಂದೂಕಾಲು ವರ್ಷ ಎದುರು ಬದುರು ಇದ್ದೆವು, ಒಂದು ಒಳ್ಳೆಯ ಮಾತು ಹೇಳಲು ಹತ್ತು ಹೆಜ್ಜೆ ನಡೆದರೆ ಸಾಕಿತ್ತು.

ಕೊನೆಗೆ ಮಂಜಿನೊಳಗಿಂದ ಸದ್ದು ಬಂತು.

"ಯಾರು ಸತ್ತೋದ್ರು ಅಂತ ಹಿಂಗೆ ಬಡೀತಿದ್ದೀರೇ?"

ಹೊನ್ನಾಜಮ್ಮ ಮೆಟ್ಟಿಲ ಮೇಲೆ ಕೂತು ಕೂತು, ಕುಂಡಿಯಲ್ಲೇ ಜಾರಿಕೊಂಡು ಇಳಿಯುತ್ತಿದ್ದರು. ಮಡಕೆ ಮಡಿಲಲ್ಲಿತ್ತು. ಸೀರೆಯೆಲ್ಲ ಹಸಿರು ಪಾಚಿ. ಹುರಿಮನೆಯಿಂದ ಹೊರಟಾಗಲೇ ದಿಕ್ಕು ತಪ್ಪಿ, ಆಚೆಯ ಇಳಿಜಾರಿನ ಕುಂಬಳದ ಬಳ್ಳಿಯೊಳಕ್ಕೆ ನಡೆದುಬಿಟ್ಟಿದ್ದರಂತೆ. ತಟ್ಟೆಯ ಸದ್ದು ಕೇಳಿ ತಿರುಗಿ ಬಂದರಂತೆ. "ಸದ್ದು ಬರ್ದಿದ್ರೂ ಬರ್ತಿದ್ದೆ," ಎಂದೂ ಸೇರಿಸಿದರು. ನಾನು ಮಡಕೆ ಇಸಿದುಕೊಂಡು ಓಡಿದೆ. ಒಣಗಿದ ಹಿಟ್ಟನ್ನು ಕೆರೆದು, ಬಾಯಿ ತೆಗೆದು, ಇನ್ನೂ ಬೆಚ್ಚಗಿದ್ದ ಹರಳನ್ನು ಚೀಲಕ್ಕೆ ಸುರಿದು, ಎರಡನೆಯ ತೊಲೆಗೆ ಕಟ್ಟಿ, ಎದುರು ಮನೆಯ ತಿದಿ ತಂದು ಉಯ್ಯಾಲೆಗೆ ಜೋಡಿಸಿದೆ. ಇಬ್ಬರು ಹೆಂಗಸರು ಉಯ್ಯಾಲೆ ಹತ್ತಿ ಕೂತರು. ಎರಡು ತಿದಿಗಳು ಒಟ್ಟಿಗೆ ಉಸಿರಾಡತೊಡಗಿದವು.

ಎಷ್ಟು ಹೊತ್ತಾಯಿತೋ ತಿಳಿಯದು. ಪಾರಿ ಕಣ್ಣು ಬಿಟ್ಟಳು. ಮನೆ ತುಂಬ ಅಪರಿಚಿತ ಮುಖಗಳನ್ನು ನೋಡಿದಳು. ಕೆಳತುಟಿ ಮುಂದೆ ಬಂತು, ನಡುಗಿತು, ಆಮೇಲೆ ಹೆಂಚು ಹಾರುವ ಹಾಗೆ ಅಳತೊಡಗಿದಳು. ಅಷ್ಟು ಚಂದದ ಅಳು ನಾನು ಕೇಳಿಲ್ಲ. ದೊಡ್ಡಪ್ಪ ಹೊಸ್ತಿಲಲ್ಲಿ ನಿಂತು, "ಅಳವ್ವ, ಅಳು, ಎಲ್ಲಾ ಹೊರಗೆ ಹಾಕು, ಹರಳು ಬೇಕಾದಷ್ಟೈತೆ," ಎಂದು ತಾವೂ ಕಣ್ಣೊರೆಸಿಕೊಂಡರು. ಬಟ್ಟಲಲ್ಲಿ ಹೊಸ ತಿಳಿನೀರಿಟ್ಟು ಬಗ್ಗಿ ನೋಡಿದೆ. ತಳದ ಹೂವಿನ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಬೀದಿಯವರು ಒಬ್ಬೊಬ್ಬರಾಗಿ ಹೋದರು. ಮಂಜು ಹರಿಯುವತನಕ ಎರಡು ಮನೆಯವರೂ ನಮ್ಮಲ್ಲೇ ಇರುವುದೆಂದು ಹೊನ್ನಾಜಮ್ಮ ತೀರ್ಮಾನ ಮಾಡಿಯಾಗಿತ್ತು. ಅವಲಕ್ಕಿಗೆ ಮಜ್ಜಿಗೆ ಕಲಸಿ ತಟ್ಟೆ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ಹಸಿವಿಲ್ಲ ಬಿಡು."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

"ಹಸಿವಿಲ್ಲ ಅಂದ್ನಲ್ಲ."

ಸೆರಗಿನ ಒಳಗೆ ಅಡಗಿಸಿಕೊಂಡಿದ್ದ ಕೈಯನ್ನು ನಾನು ಹಿಡಿದೆಳೆದೆ. ಎರಡೂ ಅಂಗೈ ಬೊಬ್ಬೆ. ಬಾಣಲೆ ಹಿಡಿಯುವ ಬಟ್ಟೆ ಮಂಜಿಗೆ ಒದ್ದೆಯಾಗಿತ್ತಂತೆ. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಹಬೆಯೆದ್ದು ಸುಡುತ್ತದೆ, ಬಿಟ್ಟರೆ ಹರಳು ಕೆಳಗೆ ಚೆಲ್ಲುತ್ತದೆ. ಅವರು ಬಿಟ್ಟಿರಲಿಲ್ಲ. ನಾನು ಬೆಣ್ಣೆ ತಂದು ಸವರಿದೆ.

"ದೊಡ್ಡಮ್ಮ, ನಾನು..."

"ಆಯ್ತು ಬಿಡೇ. ಬೆಣ್ಣೆ ಅಷ್ಟೊಂದು ಬೇಡ, ದಂಡ."

ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ನಾನೇ ತುತ್ತು ಮಾಡಿ ಅವರ ಬಾಯಿಯ ಮುಂದೆ ಹಿಡಿದೆ. ಮುಖ ಆಚೆ ತಿರುಗಿಸಿದರು. ಹಿಡಿದೇ ಇದ್ದೆ. ಕೊನೆಗೆ ಬಾಯಿ ತೆರೆದರು. ಅಗಿದು ನುಂಗಿ, "ಉಪ್ಪಿಲ್ಲ," ಎಂದರು. ಉಪ್ಪು ಹಾಕಿ ಇನ್ನೊಂದು ತುತ್ತು ಕೊಟ್ಟೆ. ಪಾರಿ ನೆಲದ ಮೇಲೆ ಅಂಬೆಗಾಲಿಟ್ಟುಕೊಂಡು ಬಂದವಳು, ಅವರ ಪಾಚಿ ಹತ್ತಿದ ಸೀರೆಯನ್ನು ಹಿಡಿದೆದ್ದು, ತುತ್ತು ಹೋಗುವುದನ್ನೂ ಬರುವುದನ್ನೂ ನೋಡಿದಳು. ಆಮೇಲೆ ತಾನೂ ಅವರ ಪಕ್ಕದಲ್ಲೇ ಬಾಯಿ ಅಗಲಿಸಿ ನಿಂತಳು.

"ಮೊದ್ಲು ಅವಳಿಗೆ ಕೊಡು," ಎಂದರು ಹೊನ್ನಾಜಮ್ಮ.

"ಮೊದ್ಲು ನೀವು."

"ಏ, ಕೂಸಿಗೆ ಕೊಡೇ ಅಂದ್ರೆ!"

ಚಿಕ್ಕದೊಂದು ತುತ್ತು ಪಾರಿಗೆ, ದೊಡ್ಡದೊಂದು ತುತ್ತು ದೊಡ್ಡಮ್ಮನಿಗೆ. ತಟ್ಟೆ ಖಾಲಿಯಾಗುವವರೆಗೂ ನನ್ನ ಕೈ ಹಾಗೇ ಇಬ್ಬರ ನಡುವೆ ಓಡಾಡಿತು.